ಸಕ್ಕರೆ ಕಲಸಿದ ಅತ್ತೆಗೆ ಯಾರೂ ಹೇಳದ ಮಾತು

ಜೇನು ಸಾಕಣೆ ಯೋಜನೆಯ ಮಾನ್ಯ ಅಧಿಕಾರಿಗಳೇ,

ನನ್ನ ದೂರು ಇಷ್ಟು: ನೀವು ನನ್ನ ಕೈಯಿಂದ ನನ್ನ ಅತ್ತೆಗೆ ಮೋಸ ಮಾಡಿಸಿದಿರಿ. ಮಾಡಿದವಳು ನಾನೇ ಆದ್ದರಿಂದ ಅರ್ಧ ದೂರು ನನ್ನ ಮೇಲೂ ಇದೆ.

ಬೇಸಿಗೆಗೆ ಮುಂಚೆ ನೀವು ಕುರನೂರಿನ ನಮ್ಮ ಮಹಿಳಾ ಗುಂಪಿಗೆ ಜೇನುಪೆಟ್ಟಿಗೆ ಹಂಚಿದಿರಿ. ತರಬೇತಿ ಸೋಲಾಪುರದಲ್ಲಿ, ನನ್ನ ಅತ್ತೆಗೆ ಬಾರದ ಮರಾಠಿಯಲ್ಲಿ ನಡೆಯಿತು. ಹೊಲದಲ್ಲಿ ಹೂವಿಲ್ಲದಾಗ ಸಕ್ಕರೆ ನೀರು, ಸೋಯಾ ಹಿಟ್ಟಿನ ಉಂಡೆ ಕೊಟ್ಟರೆ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುವುದಿಲ್ಲ ಎಂದಿರಿ. ಹಾಗೆ ಬೆಳೆದ ಗಂಡು ಮರಿಹುಳುಗಳಿರುವ ಮೇಣದ ಎರಿಯನ್ನು ರೆಕ್ಕೆ ಬಲಿಯುವ ಮೊದಲೇ ಕೊಯ್ದು ಕೊಡಿ, ಪುಡಿ ಮಾಡಿ ಪೌಷ್ಟಿಕ ಆಹಾರವೆಂದು ಮಾರುವವರು ಸಿದ್ಧರಿದ್ದಾರೆ ಎಂದಿರಿ. ಹಸಿದವರ ಮುಂದೆ ಅನ್ನವಿಟ್ಟು, ಉಂಡು ಬೆಳೆದ ಮಕ್ಕಳನ್ನು ಎತ್ತಿಕೊಂಡು ಹೋಗುವುದಕ್ಕೆ ನಿಮ್ಮ ಇಲಾಖೆಯಲ್ಲಿ 'ಪೂರಕ ಆಹಾರ' ಎನ್ನುತ್ತಾರೆ. ಗಂಡು ಜೇನು ದುಡಿಯುವುದಿಲ್ಲ, ತೆಗೆದರೆ ನಷ್ಟವಿಲ್ಲ ಎಂಬುದು ನಿಮ್ಮ ವಾದ. ದುಡಿಯದವರನ್ನೆಲ್ಲ ತೆಗೆಯುತ್ತ ಹೋದರೆ ಎಷ್ಟು ಕಚೇರಿಗಳ ಕುರ್ಚಿ ಖಾಲಿಯಾಗಬಹುದು, ಮಾನ್ಯರೇ? ಅಂದು ನಾನು ಈ ಪ್ರಶ್ನೆ ಕೇಳಲಿಲ್ಲ. ಎಲ್ಲರೊಂದಿಗೆ ತಲೆಯಾಡಿಸಿದೆ.

ಮನೆಗೆ ಬಂದು ಅತ್ತೆ ಲಕ್ಷ್ಮೀಬಾಯಿಯವರಿಗೆ ಕನ್ನಡದಲ್ಲಿ ಹೇಳಿದ್ದು ಮೊದಲರ್ಧ ಮಾತ್ರ. ಕೊರಳಲ್ಲಿ ಲಿಂಗವಿರುವವರು, ಇರುವೆಯ ಸಾಲು ಕಂಡರೆ ಕಸ ಗುಡಿಸುವುದನ್ನು ನಿಲ್ಲಿಸುವವರು. ಹಸಿದ ಜೇನಿಗೆ ಊಟ ಎಂದು ಕೇಳಿ ಆ ಕೆಲಸವನ್ನು ತಾವೇ ವಹಿಸಿಕೊಂಡರು. ದಿನವೂ ಪೂಜೆ ಮುಗಿಸಿ ಸಕ್ಕರೆ ಕಲಸುತ್ತಿದ್ದರು. ಸೊಸೆ ಜೇನಿಗೂ ಉಣ್ಣಿಸುತ್ತಾಳೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಮಠಕ್ಕೆ ಹೋಗುವ ಹೊತ್ತು ಕಾದು ನಾನು ಎರಿ ಕೊಯ್ಯುತ್ತಿದ್ದೆ.

ಒಂದು ಸೋಮವಾರ ಅವರು ಬೇಗ ಮರಳಿದರು. ನನ್ನ ಮುಂದಿನ ತಾಟಿನಲ್ಲಿ ಎರಿ ಬಿಚ್ಚಿಕೊಂಡಿತ್ತು. ಬಿಳಿ ಹುಳುಗಳು ಮಿಸುಕುತ್ತಿದ್ದವು.

"ಇದಕ್ಕಂತ ನಾ ದಿನಾ ಸಕ್ರಿ ಕಲಸಿದ್ನೇನವಾ?"

ಸಾಹೇಬರು ಹೇಳಿಕೊಟ್ಟದ್ದು ಎಂದು ನಿಮ್ಮ ಬೆನ್ನ ಹಿಂದೆ ಅಡಗಿದೆ.

"ಸಾಹೇಬ್ರು ನಿನಗ ಹೇಳ್ಯಾರ. ನೀ ನನಗ ಯಾಕ ಹೇಳಲಿಲ್ಲ?"

ಮರುದಿನ ಅವರು ಪೆಟ್ಟಿಗೆಯ ಕಡೆ ಸುಳಿಯಲಾರರು ಎಂದುಕೊಂಡಿದ್ದೆ. ಆದರೆ ಎಂದಿನಂತೆ ಸಕ್ಕರೆ ಕಲಸುತ್ತ ಕೂತಿದ್ದರು. "ಹೊಲದಾಗ ಹೂವಿಲ್ಲ, ಬಿಟ್ರ ಸಾಯ್ತಾವ. ನಾ ಕಲಸತೀನಿ, ನೀ ಇನ್ನ ಕೊಯ್ಯಬ್ಯಾಡ." ಅಂದಿನಿಂದ ನಾನು ಕೊಯ್ದಿಲ್ಲ. ನನ್ನ ಕೈಯಡುಗೆಯನ್ನು ಅವರು ಉಣ್ಣುತ್ತಾರೆ, ಆದರೆ ನಾನು ತೊಳೆದಿಟ್ಟ ತಾಟನ್ನು ನನ್ನೆದುರೇ ಇನ್ನೊಮ್ಮೆ ತೊಳೆದುಕೊಳ್ಳುತ್ತಾರೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ನಿಮ್ಮ ಕಚೇರಿಯಿಂದ ಫೋನು: ಎರಿ ಕೊಡದವರ ಪೆಟ್ಟಿಗೆ ಹಿಂದಕ್ಕೆ ಪಡೆಯುತ್ತೀರಂತೆ. ಹುಳು ತಿನ್ನುವವರ ಮೇಲೆ ನನಗೆ ತಕರಾರಿಲ್ಲ; ಅದು ಅವರ ಊಟ. ಆದರೆ ಸಾಕುವ ಮಾತನ್ನು ದೊಡ್ಡ ದನಿಯಲ್ಲಿ ಆಡಿ, ಕೊಯ್ಯುವ ಮಾತನ್ನು ವರದಿಯಲ್ಲಿ 'ಉಪ ಉತ್ಪನ್ನ' ಎಂಬ ಶಬ್ದದೊಳಗೆ ಮುಚ್ಚಿಡುವುದೇಕೆ? ನಾಚಿಕೆ ನಿಮಗೂ ಇದೆ ಎಂದಲ್ಲವೇ ಅರ್ಥ?

ಮಳೆ ಬಿದ್ದು ಸೂರ್ಯಕಾಂತಿ ಅರಳುವವರೆಗೆ ಪೆಟ್ಟಿಗೆಗಳನ್ನು ಮುಟ್ಟಬೇಡಿ. ಮುಂದೆ ದುಧನಿ ಕಡೆ ಯೋಜನೆ ಒಯ್ಯುವಾಗ ಮೊದಲ ಸಭೆಯಲ್ಲೇ ಒಂದು ಎರಿ ಬಿಚ್ಚಿ ತೋರಿಸಿ; ಮನೆಯ ಹಿರಿಯರ ಎದುರು, ಅವರಾಡುವ ಮಾತಿನಲ್ಲಿ. ಒಪ್ಪಿದವರು ಸಾಕಲಿ.

ಈ ಪತ್ರವನ್ನು ಅತ್ತೆಗೆ ಒಂದು ಸಾಲೂ ಬಿಡದೆ ಓದಿ ಹೇಳಿದ್ದೇನೆ. ಕೇಳಿ, ಎದ್ದು ಸಕ್ಕರೆ ಕಲಸಲು ಹೋದರು. ಕ್ಷಮಿಸಿ ಎನ್ನುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇಂತಿ,
ನಿಮ್ಮ ವರದಿಯಲ್ಲಿ 'ಯಶಸ್ವಿ ಫಲಾನುಭವಿ' ಎಂದು ಅಚ್ಚಾಗಿರುವ
ಉಮಾಬಾಯಿ, ಕುರನೂರ