ಗೋಡೆಗೆ ಮುಖ ಮಾಡಿದ ರಾಜ

4, ಸೋಮವಾರ. ಮಧ್ಯಾಹ್ನ

ನಮ್ಮ ಬೈಂಡಿಂಗ್ ಅಂಗಡಿಗೆ ಬಂದಿರುವ, ಪ್ರಾರ್ಥನಾ ಮಂದಿರದವರ ದೊಡ್ಡ ಗ್ರಂಥದ ಹೊಲಿಗೆ ಬಿಚ್ಚಿದೆ. ಬೆನ್ನು ಕಿತ್ತುಬಂದಿದೆ, ಅಂಚಿಗೆಲ್ಲ ಹುಳ. ಹರಿದ ಕಡೆ ತೆಳು ಕಾಗದ ಅಂಟಿಸಿ, ಭಾರ ಹೇರಿ ಇಡುತ್ತಿದ್ದೇನೆ. ಅಣ್ಣ ಇದ್ದಿದ್ದರೆ ಒಂದೊಂದು ಹಾಳೆಯನ್ನೂ ಬೆರಳಲ್ಲಿ ತೀಡಿ ನೋಡುತ್ತಿದ್ದ. ನಾನು ಅವಸರದವಳು.

ಅಣ್ಣ ಆಸ್ಪತ್ರೆ ಸೇರಿ ಮೂರು ದಿನ. ಷೂ ಕಚ್ಚಿದ ಗಾಯ, ಅಷ್ಟೇ. ಶುಗರ್ ಇದೆ ಅಂತ ಯಾರಿಗೆ ಗೊತ್ತಿತ್ತು... ನನಗೆ ಗೊತ್ತಿರಬೇಕಿತ್ತು.

ಪುಟದ ನಂಬರ್ ನೋಡಿದೆ. ಒಂದು ಹಾಳೆಯ ಮುಂದೆ 411, ಅದರ ಹಿಂದೆಯೇ 414. ಅಚ್ಚಿನವರು ನಂಬರ್ ಹಾರಿಸಿರಬೇಕು. ಆದರೂ ಕಸದ ಬುಟ್ಟಿಯನ್ನೂ ಬೋರಲು ಹಾಕಿ ಹುಡುಕಿದೆ.

ಅಂಟು ಕಾಯಿಸುವ ಅಜ್ಜ ಹೊರಗಿನ ಮೆಟ್ಟಿಲ ಬುಡದಿಂದ ಕೂಗಿದ. "ನೆರಳು ಎಂಟನೇ ಮೆಟ್ಟಿಲಿಗೆ ಬಂತು ತಾಯಿ, ಟೀ!" ಇರುವುದು ಹತ್ತು ಮೆಟ್ಟಿಲು. ಸೂರಿನ ನೆರಳು ಮೇಲಿಂದ ಇಳಿದು ಎಂಟನೆಯದನ್ನು ಮುಟ್ಟಿದರೆ ನಾಲ್ಕು ಗಂಟೆ. ಅಜ್ಜನಿಗೆ ಗಡಿಯಾರ ಬೇಡ.

5, ಮಂಗಳವಾರ. ಬೆಳಗ್ಗೆ 11

ಡಾಕ್ಟರಮ್ಮ ಹೊರಗೆ ಕರೆದರು. ಕಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಂತೆ. ಅಣ್ಣನಿಗೆ ಜ್ವರದಲ್ಲಿ ಗ್ಯಾನ ಇಲ್ಲ, ಬೇರೆ ಯಾರೂ ಇಲ್ಲ, ಫಾರ್ಮಿಗೆ ನಾನೇ ಸೈನ್ ಮಾಡಬೇಕು.

"ಬೇರೆ ದಾರಿ ಇಲ್ವಾ ಮೇಡಂ?"

"ಇದ್ದಿದ್ರೆ ಇದನ್ಯಾಕೆ ಹೇಳ್ತಿದ್ದೆ? ಶುಕ್ರವಾರ ಸಂಜೆ ಐದರೊಳಗೆ ತನ್ನಿ. ಆಮೇಲೆ ನನ್ನ ಕೈಲೂ ಆಗಲ್ಲ."

ಒಳಗೆ ಹೋದರೆ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಕರೆದರೂ ತಿರುಗಲಿಲ್ಲ.

ಅದೇ ದಿನ. ಸಂಜೆ

ಓದಬಾರದಿತ್ತು. ಕೆಲಸಕ್ಕೆ ಬಂದ ಪುಸ್ತಕ ಓದಬೇಡ ಅಂತ ಅಣ್ಣ ಸಾವಿರ ಸಲ ಹೇಳಿದ್ದಾನೆ.

411ರಲ್ಲಿ ಒಬ್ಬ ರಾಜ. ದೇವರನ್ನು ನಂಬಿದವನು. ಶತ್ರು ಬೆದರಿಕೆಯ ಕಾಗದ ಕಳಿಸಿದಾಗ ಅದನ್ನು ಒಯ್ದು ದೇವರ ಮುಂದೆ ಹರವಿ ಇಟ್ಟನಂತೆ, ನೀನೇ ಓದಿಕೋ ಅನ್ನುವ ಹಾಗೆ. ಆಮೇಲೆ ಕಾಯಿಲೆ ಬಿದ್ದ. ನೀನು ಉಳಿಯುವುದಿಲ್ಲ ಅಂತ ದೇವರೇ ಹೇಳಿಕಳಿಸಿದ. ರಾಜ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ಪುಟ ಅಲ್ಲಿಗೆ ಮುಗಿಯಿತು. 414ರಲ್ಲಿ ಬೇರೆ ಯಾರದೋ ಕಥೆ.

ಸತ್ತನೇ? ಸತ್ತಿರಬೇಕು.

7, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಇನ್ನೊಬ್ಬ ರಾಜ ಸಿಕ್ಕಿದ. ಕಾಲಿಗೇ ರೋಗ ಇವನಿಗೆ! ದೇವರನ್ನು ಕೇಳಲಿಲ್ಲ, ವೈದ್ಯರನ್ನೇ ನಂಬಿದ. ಸತ್ತ. ಆ ಹಾಳೆಯನ್ನು ಅದರ ಜಾಗಕ್ಕೆ ಸೇರಿಸಿ ಮೇಲೆ ಕಬ್ಬಿಣದ ಭಾರ ಇಟ್ಟು ಹೋಗಿದ್ದೆ. ಇವತ್ತು ಬಂದು ನೋಡಿದರೆ ಭಾರ ಅಲ್ಲೇ ಇದೆ. ಹಾಳೆ ಭಾರದ ಮೇಲಿದೆ.

ಅಜ್ಜ ಮುಟ್ಟಿಲ್ಲವಂತೆ. "ಆ ಭಾರ ಎತ್ತಿದ್ರೆ ನನ್ನ ಸೊಂಟ ಊರಿಗೆಲ್ಲ ಕೇಳಿಸ್ತಿತ್ತು."

ಸೈನ್ ಮಾಡಿದರೆ ವೈದ್ಯರನ್ನು ನಂಬಿ ಸತ್ತ ಈ ರಾಜನ ಹಾಗೆ. ಮಾಡದಿದ್ದರೆ ಗೋಡೆಗೆ ಮುಖ ಮಾಡಿದವನ ಹಾಗೆ. ಅತ್ತ ದರಿ, ಇತ್ತ ಪುಲಿ. ಅಜ್ಜನಿಗೆ ಹೇಳಿದೆ.

"ನಾನು ಹಲ್ಲು ಕೀಳಿಸ್ಕೊಂಡಾಗ ದೇವರೇನೂ ಮುನಿಸ್ಕೊಳ್ಳಲಿಲ್ಲ" ಅಂದ.

"ಹಲ್ಲೂ ಕಾಲೂ ಒಂದೇನಾ ಅಜ್ಜಾ?"

"ಮೇಲಿರೋನಿಗೆ ಎರಡೂ ಗೊತ್ತು ಬಿಡು."

ಮಧ್ಯಾಹ್ನ ಆಸ್ಪತ್ರೆ. ಅಣ್ಣ ಗೋಡೆಗೇ ಮಾತಾಡುತ್ತಿದ್ದ.

"ಆಚೆ ಯಾರೋ ಅಂಜೂರ ಅರೀತಿದಾರೆ ಕಣೇ. ವಾಸನೆ ಬರ್ತಿಲ್ವಾ?"

ಗೋಡೆಯ ಆಚೆ ಏನೂ ಇಲ್ಲ. ನಾಲ್ಕನೇ ಮಹಡಿ. ಹೊರಗೆ ಬರೀ ಗಾಳಿ.

"ಎರಡು ಒಂದಾಗಿದೆ. ಬಿಡಿಸು. ಹರೀಬೇಡ."

"ಏನಣ್ಣಾ ಎರಡು?"

ಜ್ವರದ ಬಡಬಡಿಕೆ ಅಂದರು ನರ್ಸ್. ಇರಬಹುದು. ಆದರೆ ಬಗ್ಗಿದಾಗ ನನಗೂ ಬಂತು ವಾಸನೆ. ಸಿಹಿ, ಸ್ವಲ್ಪ ಹುಳಿ.

ಸಂಜೆ ಹೊರಡುವಾಗ ಫಾರ್ಮನ್ನು 411ರ ಮೇಲೆ ಹರವಿದೆ. ಆ ರಾಜ ಮಾಡಿದ ಹಾಗೆ. ಪ್ರಾರ್ಥನೆ ಸರಿಯಾಗಿ ಬರುವುದಿಲ್ಲ ನನಗೆ. ನೀನೇ ಓದಿಕೋ ಅಂದೆ. ಭಾರ ಇಟ್ಟೆ.

8, ಶುಕ್ರವಾರ. ಬೆಳಗ್ಗೆ

ಭಾರ ಎತ್ತಲು ಧೈರ್ಯ ಇಲ್ಲ. ಬೇರೆ ರಟ್ಟು ಕತ್ತರಿಸುತ್ತಿದ್ದೇನೆ. ಅಳತೆ ಮೂರು ಸಲ ತಪ್ಪಿತು.

4.10

ಸುಮ್ಮನೆ ಕೂರಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜ ಆಟೋ ತರಲು ಹೋಗಿದ್ದಾನೆ.

ನಾಲ್ಕಕ್ಕೆ ಭಾರ ಎತ್ತಿದೆ. ಫಾರ್ಮ್ ಹಾಳೆಗೆ ಅಂಟಿಕೊಂಡಿತ್ತು. ನನ್ನ ತೇಪೆಯ ಅಂಟೇ ಹೊರಗೆ ಬಂದಿತ್ತು. ಮೆಲ್ಲಗೆ ಎಳೆದರೆ ಫಾರ್ಮಿನ ಜೊತೆ ಹಾಳೆಯೂ ಎದ್ದಿತು. ಅದರಡಿಯಲ್ಲಿ ಇನ್ನೊಂದು ಹಾಳೆ. ಒಂದು ಅಂದುಕೊಂಡದ್ದು ಎರಡು. ನಾನೇ ಅಂಟಿಸಿಬಿಟ್ಟಿದ್ದೆ, ಒಳಗೆ 412, 413 ಮುಚ್ಚಿಹೋಗುವ ಹಾಗೆ. ಎರಡು ಒಂದಾಗಿದೆ ಅಂದನಲ್ಲ ಅಣ್ಣ! ಅವನು ಈ ಪುಸ್ತಕವನ್ನು ಕಣ್ಣಲ್ಲೂ ನೋಡಿಲ್ಲ.

ರಾಜ ಸಾಯಲಿಲ್ಲ. ದೇವರು ಅವನ ಕಣ್ಣೀರು ನೋಡಿದ. ಹದಿನೈದು ವರ್ಷ ಕೊಟ್ಟ. ಕೊಟ್ಟ ಮೇಲೂ, ದೇವರ ಮನುಷ್ಯನೇ ಹೇಳಿದ: ಅಂಜೂರದ ಉಂಡೆ ತಂದು ಹುಣ್ಣಿಗೆ ಹಚ್ಚಿ. ಅಂಜೂರ. ಮದ್ದು. ದೇವರೇ ಮದ್ದು ಹಾಕಿಸಿದ.

ಫಾರ್ಮಿಗೆ ಅಂಟಿನ ವಾಸನೆ ಇರಬೇಕಿತ್ತು. ಹಣ್ಣಿನ ವಾಸನೆ ಇದೆ.

413ರಲ್ಲಿ ಇನ್ನೂ ಒಂದಿದೆ. ವಾಸಿಯಾಗುತ್ತೇನೆ ಅನ್ನುವುದಕ್ಕೆ ರಾಜ ಗುರುತು ಕೇಳಿದನಂತೆ. ಮೆಟ್ಟಿಲ ಮೇಲೆ ಇಳಿದ ನೆರಳು ಹತ್ತು ಮೆಟ್ಟಿಲು ಹಿಂದಕ್ಕೆ ಹೋಯಿತಂತೆ. ನಾನು ಗುರುತು ಕೇಳಿಲ್ಲ. ನನಗೆ ಬೇಡ.

ಆದರೆ ಅಜ್ಜ ಹೋಗುವ ಮುಂಚೆ ಕೆಳಗೆ ನಿಂತು ಅಂದ. "ಏನ್ ತಾಯಿ ಇದು, ನೆರಳು ಆಗಲೇ ಎಂಟರಲ್ಲಿತ್ತು. ಈಗ ಐದು. ನನ್ನ ಕಣ್ಣು ಹೋಯ್ತಾ?"

ಬಾಗಿಲಿಗೆ ಹೋಗಿ ನೋಡಿದೆ. ನೆರಳು ನಾಲ್ಕರಲ್ಲಿ. ಮೋಡ ಇಲ್ಲ. ನೋಡುತ್ತಿದ್ದ ಹಾಗೇ ನಾಲ್ಕನೆಯದಕ್ಕೂ ಬಿಸಿಲು ಬಂತು, ಯಾರೋ ಚಾಪೆ ಸುತ್ತಿಕೊಂಡು ಮೇಲೆ ಬರುತ್ತಿರುವ ಹಾಗೆ.

ಬಾಗಿಲ ಹತ್ತಿರವೇ ಕೂತಿದ್ದೇನೆ. ನೆರಳು ಈಗ ಎರಡರಲ್ಲಿ. ಆಟೋ ಸದ್ದು. ಅಜ್ಜ ಕೂಗುತ್ತಿದ್ದಾನೆ. ಐದಕ್ಕೆ ಹೊತ್ತಿದೆ, ಇನ್ನೂ ಹೊತ್ತಿದೆ. ಸೈನ್ ನೆಟ್ಟಗೆ ಬರುತ್ತದಾ ಅಂತ ಇಲ್ಲೇ ಒಂದು ಸಲ ಬರೆದು ನೋ