ಸುಗಲಕ್ಕ ಹೇಳಿದ್ದು, ನಾ ಬರಕೊಂಡದ್ದು

೫ ಮಾರ್ಚ್ ೨೦೦೬, ಭಾನುವಾರ, ಮಧ್ಯಾಹ್ನ
ಬಟ್ಟಿ ಒಗದೆ. ತಲಿ ಇನ್ನೂ ಒಣಗವಲ್ದು. ಇವತ್ತೂ ಅಡಿಗಿಮನ್ಯಾಗ ಸುಗಲಕ್ಕನ ಎದುರು ನೋಟ್‌ಬುಕ್ ಹಿಡಕೊಂಡು ಕೂತೆ. ನಾಲ್ಕನೇ ವಾರ. ನಮ್ಮ ಅಮೀರ್‌ಪೇಟ್ ಹಾಸ್ಟೆಲಿನ ಅಡಿಗಿಯಾಕಿ, ನಮ್ಮ ರಾಯಚೂರ ಕಡೆಯಾಕಿನ. ಓದು ಬರಂಗಿಲ್ಲ. ಆಕಿ ಹೇಳ್ತಾಳ, ನಾ ಬರೀತೀನಿ.
ಆಕಿ ಒಂಬತ್ತು ವರ್ಷದಾಕಿದ್ದಾಗ, ಸಾಲಿಗೆ ಹಾಕ್ತೀವಂತ ಹೇಳಿ ಶ್ರೀಮಂತ ಮಂದಿ ಈ ಊರಿಗೆ ಕರಕೊಂಡು ಬಂದ್ರಂತ. ದೊಡ್ಡ ಬಂಗ್ಲೆ. ಹನ್ನೆರಡು ವರ್ಷ ದುಡಿತ. ಪಗಾರಿಲ್ಲ. ಗೇಟ್ ದಾಟಂಗಿಲ್ಲ. ತಪ್ಪಿದ್ರ ಬೆನ್ನಿಗೆ ಕಾದ ಚಮಚ. ಹೆಸರಿಲ್ಲ — "ಏ ಪೋರಿ", ಅಷ್ಟ.
ಹೀರೇಕಾಯಿ ಹೆಚ್ಚಿಕೊಂತನ ಹೇಳಿದ್ಲು. 

೧೨ ಮಾರ್ಚ್
ತಪ್ಪಿಸಿಕೊಂಡ ದಿನದ ಕಥಿ. ಆ ಬಂಗ್ಲೆದ ಮಗನ ಮದುವಿ. ಸಂಜಿಮುಂದ ಬರಾತ್, ಅಂದ್ರ ಮದುಮಗನ ಮೆರವಣಿಗಿ, ಹೊರಟಿತ್ತು. ಬ್ಯಾಂಡಿನವರ ಜೋಡಿ ತಲಿಮ್ಯಾಲೆ ಗ್ಯಾಸ್‌ಲೈಟ್ ಹೊತ್ತ ಹೆಂಗಸರು. ಒಬ್ಬಾಕಿ ನೀರು ಕುಡಿಯಾಕ ಅಂಗಳದಾಗ ಲೈಟ್ ಇಳಿಸಿದ್ಲು. ಸುಗಲಕ್ಕ ಅದನ್ನೆತ್ತಿ ತಲಿಮ್ಯಾಲೆ ಇಟಕೊಂಡ್ಲು, ಗೇಟ್ ದಾಟಿ ನಡದುಬಿಟ್ಲು. ಯಜಮಾನನ ಮುಂದನ ಹಾದು!
"ದೀಪ ಹೊತ್ತಾಕಿ ಮಾರಿ ಯಾರು ನೋಡ್ತಾರ, ತಂಗಿ?"
ಚೌರಸ್ತಾದಾಗ ಲೈಟ್ ಬ್ಯಾಂಡಿನವನ ಕೈಯಾಗ ಕೊಟ್ಟು ಆಮ್ಯಾಲೆ ಓಡಿದ್ಲಂತ. "ಅದು ಆ ಹೆಂಗಸಿನ ಹೊಟ್ಟಿಪಾಡಲ್ಲ?"
ಆಗ ಆಕಿಗೆ ಇಪ್ಪತ್ತೊಂದು ವರ್ಷ. ಊರಾಗ ಒಂದು ಓಣಿನೂ ಗೊತ್ತಿಲ್ಲ. ನಾ ಆಗಿದ್ರ... ಮೊನ್ನೆ ಗಚ್ಚಿಬೌಲಿಯಾಗ ಕ್ಯಾಬ್ ತಪ್ಪಿದ್ದಕ್ಕ ಅತ್ತಾಕಿ ನಾ.

೨ ಏಪ್ರಿಲ್
ಆಫೀಸಿನ್ಯಾಗ ಪ್ರಾಜೆಕ್ಟ್ ರಿಲೀಸ್. ಮೂರು ವಾರ ಉಸಿರಾಡಿಲ್ಲ.
ಇವತ್ತು ನಾ, ಸುಗಲಕ್ಕ ಅಬಿಡ್ಸಿಗೆ ಹೋಗಿದ್ವಿ, ಪುಸ್ತಕ ಛಾಪಿಸೋ ಪ್ರಹ್ಲಾದರಾಯರ ಹತ್ರ. ನನ್ನ ನೋಟ್‌ಬುಕ್ ಓದಿ ಕನ್ನಡಕ ತಗದ್ರು. "ಛಾಪಿಸ್ತೀನ್ರಿ. ಆದ್ರ ಎಲ್ಲಾರ ಹೆಸರು ಬದಲಿ ಮಾಡೋಣು. ಆ ಬಂಗ್ಲೆ ಮಂದಿ ಇನ್ನೂ ಇದ ಊರಾಗ ಅದಾರ. ನಿಮಗ ತ್ರಾಸ."
"ಅವರ ಹೆಸರು ಬೇಕಾದ್ರ ತಗೀರಿ. ನಂದು ಇರ್ಲಿ. ನಾ ಏನೂ ಕದ್ದಿಲ್ರಿ," ಅಂದ್ಲು ಸುಗಲಕ್ಕ.
ರಾಯರು ಕನ್ನಡಕ ಮತ್ತ ಏರಿಸಿ ನೋಟ್‌ಬುಕ್ ಕಪಾಟಿನ್ಯಾಗ ಇಟ್ರು.
ಬಸ್ಸಿನ್ಯಾಗ ನನ್ನ ಕೈ ಗಟ್ಟಿ ಹಿಡಕೊಂಡಿದ್ಲು. ಅಂಜಿಕಿ ಇಲ್ಲಂತಲ್ಲ ಆಕಿಗೆ. ಅಂಜಿಕೊಂತನ ಮಾಡ್ತಾಳ, ಎಲ್ಲಾ.

೧೮ ಜೂನ್, ಸಂಜಿ
ಪುಸ್ತಕ ಬಂತು. ಕನ್ನಡ ಸಂಘದಾಗ ಕಾರ್ಯಕ್ರಮ. ನಾ ಓದಿದೆ, ಆಕಿ ಬಾಜೂಕ ಕೂತಿದ್ಲು. ಮುಂದ ಕೂತ ಹಿರಿಯರೊಬ್ಬರು ಕೇಳಿದ್ರು — "ಅವರನ್ನ ಕ್ಷಮಿಸೀರೇನಮ್ಮಾ?"
ಸೆರಗು ಸರಿಮಾಡಿಕೊಂಡ್ಲು.
"ಅವರು ಕೇಳ್ಯಾರೇನ್ರಿ?"


೧೯ ಜೂನ್, ಬೆಳಿಗ್ಗೆ ೭
ಕೆಳಗ ಒಬ್ಬ ಹೆಂಗಸು ಬಂದು ನಿಂತಾಳ. ನಿನ್ನೆ ಕಾರ್ಯಕ್ರಮದಾಗ ಹಿಂದ ಕೂತಿದ್ಲಂತ. ತಾನೂ ಹಂಗ ಒಂದು ಮನ್ಯಾಗ ಇದ್ದೆ, ಯಾರಿಗೂ ಹೇಳಿಲ್ಲ ಅಂತಾಳ. ಸುಗಲಕ್ಕ ಚಾ ಕೊಟ್ಟು ಕೂಡಿಸ್ಯಾಳ. ನಾ ನೋಟ್‌ಬುಕ್ ತರಾಕ ಮ್ಯಾಲೆ ಬಂದೀನಿ, ಕೆಳಗಿಂದ ಕೂಗಾಕತ್ಯಾಳ — "ತಂಗೀ, ಲಗೂನ ಇಳದು ಬಾ!"
ಆಫೀಸಿಗೆ ಫೋನ್ ಮಾಡಬೇಕು. ಏನಂತ ಹೇಳ್ಲಿ... ಅಯ್ಯ, ಆ ಹೆಂಗಸು ತನ್ನ ಕಥಿ ಹೇಳಾಕ ಶುರು ಮಾಡೇಬಿಟ್ಲು, ನಾ ಇನ್ನೂ ಇಲ್ಲೇ—