ಅಮ್ಮನ ಬಿಳಿ ಹೊದಿಕೆ

ಸ್ಟೋನ್‌ಹೋಪ್, ಮ್ಯಾಸಚೂಸೆಟ್ಸ್ ಕೊಲ್ಲಿ
ಎಂಟನೆಯ ತಿಂಗಳ ಹನ್ನೆರಡು, 1641
(ತಿಂಗಳುಗಳ ಹೆಸರು ಸುಳ್ಳು ದೇವರುಗಳದ್ದೆಂದು ಇಲ್ಲಿ ಬಳಸುವುದಿಲ್ಲ. ನೀನು ಅಕ್ಟೋಬರ್ ಎಂದುಕೋ.)

ನನ್ನ ಏವಿಸ್ ಅಕ್ಕನಿಗೆ,

ನಿನ್ನ ಕಾಗದ, ಅದರ ಜೊತೆ ಅಮ್ಮನ ಬಿಳಿ ಹೊದಿಕೆ, ಎರಡೂ ಬೇಸಿಗೆಯ ಹಡಗಿನಲ್ಲಿ ಬಂದು ಮುಟ್ಟಿದವು. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ಒಲೆಯ ಮೇಲಿನ ಗಂಜಿ ನೆನಪಾಗುತ್ತಿತ್ತು. ಆಗದಿದ್ದರೆ ನಾನೇ ನೆನಪು ಮಾಡಿಕೊಂಡು ಏಳುತ್ತಿದ್ದೆ.

ನಾವು ಆರೋಗ್ಯವಾಗಿದ್ದೇವೆ. ಮೆಕ್ಕೆಜೋಳ ಚೆನ್ನಾಗಿ ಬಂದಿದೆ. ಅದರ ಗಂಜಿಯನ್ನು ನೀನಾದರೆ ಹಂದಿಗೆ ಹಾಕುತ್ತಿದ್ದೆ. ನಾನೀಗ ಎರಡನೆಯ ಸಲ ಬಡಿಸಿಕೊಳ್ಳುತ್ತೇನೆ. ನಮ್ಮವರಿಗೆ ಪೀಪಾಯಿ ಮಾಡುವ ಕೆಲಸ ಬೇಕಾದಷ್ಟಿದೆ. ಮೀನಿಗೆ ಉಪ್ಪು ಹಾಕುವವರೆಲ್ಲ ನಮ್ಮ ಬಾಗಿಲಿಗೇ ಬರುತ್ತಾರೆ.

ಹೊದಿಕೆ ಬಿಚ್ಚಿದಾಗ ನಮ್ಮ ಸಫೋಕಿನ ಮನೆಯ ವಾಸನೆಯೇ ಎದ್ದು ಬಂತು. ಅಂಚಿನಲ್ಲಿ ಅಮ್ಮ ತಲೆಕೆಳಗಾಗಿ ಹೊಲಿದ ಎಲೆ ಹಾಗೆಯೇ ಇದೆ. ನೀನೂ ನಾನೂ ಅದರಲ್ಲೇ ಸುತ್ತಿಸಿಕೊಂಡು ಚರ್ಚಿನ ದೀಕ್ಷಾಸ್ನಾನದ ಕಲ್ಲು ತೊಟ್ಟಿಯವರೆಗೆ ಹೋದವರು. ಮಗು ಹುಟ್ಟಿದ ಮೊದಲ ಭಾನುವಾರವೇ (ಇಲ್ಲಿ ಸಬ್ಬತ್ ಎನ್ನುತ್ತಾರೆ) ಕರೆದುಕೊಂಡು ಹೋಗು ಎಂದು ನೀನು ಬರೆದಿದ್ದೆ.

ಇಲ್ಲಿ ಅದು ಅಷ್ಟು ಸುಲಭವಲ್ಲ, ಅಕ್ಕ. ನಮ್ಮೂರಿನಲ್ಲಿ ಕುಡುಕ ಹಾಬ್‌ನ ಮಕ್ಕಳಿಗೂ ಪಾದ್ರಿ ನೀರು ಹಾಕುತ್ತಿದ್ದರು. ಇಲ್ಲಿ ಸಭೆಗೆ ಸೇರಿದವರ ಮಕ್ಕಳಿಗೆ ಮಾತ್ರ ದೀಕ್ಷಾಸ್ನಾನ. ಸೇರಬೇಕಾದರೆ ಎಲ್ಲರೆದುರು ನಿಂತು, ದೇವರು ತನ್ನನ್ನು ಯಾವಾಗ, ಹೇಗೆ ಮುಟ್ಟಿದನೆಂದು ಹೇಳಬೇಕು. ಹಿರಿಯರಿಗೆ ನಂಬಿಕೆ ಬರಬೇಕು. ಹೆಂಗಸರು ಪಾದ್ರಿ ವಿಟ್‌ಲಾಕರ ಕೋಣೆಯಲ್ಲಿ ಹೇಳಿದರೂ ಸಾಕು. ಆದರೆ ನಿನ್ನ ತಂಗಿಯ ಬಾಯಿ ನಿನಗೆ ಗೊತ್ತಲ್ಲ. ಹೋದೆ, ಅತ್ತೆ, ಬಂದೆ. “ಅಳು ಸಾಕ್ಷಿ ಆಗೋದಿಲ್ಲಮ್ಮ,” ಎಂದರು, ಒಳ್ಳೆಯ ಮನಸ್ಸಿನಿಂದಲೇ.

ನಮ್ಮವರು ವಸಂತದಲ್ಲಿ, ನನ್ನ ಹೆರಿಗೆಗೆ ಮುಂಚೆ, ಸಭೆಯಲ್ಲಿ ಎದ್ದು ನಿಂತರು. ಪಾಪದ ಬಗ್ಗೆ ಹೇಳಿದರು, ನರಕದ ಭಯದ ಬಗ್ಗೆ ಹೇಳಿದರು, ಅಲ್ಲಿಗೆ ನಿಲ್ಲಿಸಿದರು.

“ಕೃಪೆ ಸಿಕ್ಕಿದೆ ಅಂತ ಖಾತ್ರಿ ಇದೆಯೇನಪ್ಪ ರೋಜರ್?” ಎಂದು ಹಿರಿಯ ಗ್ಯಾಮನ್ ಕೇಳಿದರು.

“ಕೆಲವು ದಿನ ಇದೆ ಅನ್ಸುತ್ತೆ ಸ್ವಾಮಿ. ಆದ್ರೆ ಪೀಪಾಯಿಗೆ ಪಟ್ಟಿ ಬಿಗಿಯೋವಾಗ ತಲೇಲಿ ಪಟ್ಟಿ ಒಂದೇ ಇರುತ್ತೆ.”

ಹಿಂದಿನ ಬೆಂಚಿನವರು ನಕ್ಕರು. ಇನ್ನೊಂದು ವರ್ಷ ಕಾಯಲಿ ಎಂದಾಯಿತು. ಹೊರಗೆ ಬಂದಾಗ ಸೂಲಗಿತ್ತಿ ಡಾರ್ಕಸ್ ಅವರನ್ನು ತಡೆದು ನಿಲ್ಲಿಸಿದಳು. “ಅಯ್ಯೋ ಪುಣ್ಯಾತ್ಮ, ಎಲ್ರೂ ಹೇಳೋದು ಒಂದೇ ಕಥೆ ಕಣಪ್ಪ. ಮೊದ್ಲು ಪಾಪ, ಆಮೇಲೆ ಭಯ, ಆಮೇಲೆ ಬೆಳಕು. ನೀನು ಭಯಕ್ಕೇ ಕೂತ್ಬಿಟ್ಯಲ್ಲೋ!”

“ಬೆಳಕು ಇನ್ನೂ ಬಂದಿಲ್ವಲ್ಲ ತಾಯಿ. ಬರ್ಲಿ, ಹೇಳ್ತೀನಿ,” ಎಂದರು ನಮ್ಮವರು.

ಬೇಸರವೇನೂ ಆಗಲಿಲ್ಲ ನನಗೆ. ಸಫೋಕಿನಲ್ಲಿ ಬಿಷಪ್ಪನ ಕಡೆಯವರು ಚರ್ಚಿನಲ್ಲಿ ಪ್ರಭುವಿನ ರೊಟ್ಟಿ ಕೊಡುವ ಕಟಕಟೆಯ ಮುಂದೆ ಮಂಡಿಯೂರು ಎಂದಾಗ, ಮನಸ್ಸಿಲ್ಲದೆ ಊರಲಾರೆ ಎಂದು ಎದ್ದು ಬಂದವರು ಇವರೇ ಅಲ್ಲವೇ. ಅದಕ್ಕೇ ತಾನೆ ನಾವು ಸಮುದ್ರ ದಾಟಿದ್ದು.

ಮಗು ವರ್ಷದ ಐದನೆಯ ತಿಂಗಳಲ್ಲಿ, ನಿಮ್ಮ ಜುಲೈನಲ್ಲಿ, ಹುಟ್ಟಿತು. ಗಂಡು. ನಮ್ಮಪ್ಪನ ಹೆಸರು, ಆಂಬ್ರೋಸ್ ಎಂದು, ಮನಸ್ಸಿನಲ್ಲಿಟ್ಟುಕೊಂಡಿದ್ದೆವು. ನೀರು ಬೀಳುವ ಮುಂಚೆ ಕರೆಯುವಂತಿರಲಿಲ್ಲ. ಹಾಲು ಹೀರುತ್ತ ಹೀರುತ್ತಲೇ ಸುಸ್ತಾಗಿ ಬಿಟ್ಟುಬಿಡುತ್ತಿತ್ತು. ಡಾರ್ಕಸ್ ಅದರ ಎದೆಗೆ ಕಿವಿಯಿಟ್ಟು ಕೇಳಿ, ನನ್ನ ಮುಖ ನೋಡದೆ ಹೇಳಿದಳು: “ನಮ್ಮೂರಾಗಿದ್ರೆ ನಾನೇ ನಾಕು ಹನಿ ಚಿಮುಕಿಸಿ ಹೆಸರಿಟ್ಟುಬಿಡ್ತಿದ್ದೆ ಮಗಳೇ. ಇಲ್ಲಿ ಸೂಲಗಿತ್ತಿ ಆ ಕೆಲಸ ಮಾಡಿದ್ರೆ ಕೋರ್ಟಿಗೆ ಎಳೀತಾರೆ.”

ಪಾದ್ರಿಗಳೂ ಮನೆಗೆ ಬಂದರು. “ನೀರಿನಿಂದ ಯಾರೂ ಉದ್ಧಾರ ಆಗೋದಿಲ್ಲಮ್ಮ. ಅದು ಬರೀ ಒಂದು ಮುದ್ರೆ,” ಎಂದರು. ಬರೀ ಮುದ್ರೆಯಾದರೆ ಒತ್ತಿಬಿಡಬಾರದೇ ಎಂಬ ಮಾತು ಅವರು ಗೇಟು ದಾಟಿದ ಮೇಲೆ ನನ್ನ ಬಾಯಿಗೆ ಬಂತು.

ನಮ್ಮವರನ್ನು ನಾನು ಒಂದು ಮಾತೂ ಕೇಳಲಿಲ್ಲ. ಹೊದಿಕೆಯನ್ನು ದಿನವೂ ತೆಗೆದು ಮಗುವಿಗೆ ಹೊದಿಸಿ ನೋಡುತ್ತಿದ್ದೆ, ಅಷ್ಟೆ. ಅವರು ನೋಡಿ ಹೊರಗೆ ಹೋಗುತ್ತಿದ್ದರು. ಒಂದು ದಿನ ಹೋಗಲಿಲ್ಲ.

“ಈ ಸಬ್ಬತ್‌ಗೆ ಮತ್ತೆ ನಿಂತು ಹೇಳ್ತೀನಿ. ಗ್ಯಾಮನ್ ಒಪ್ಪಿದಾರೆ.”

“ಏನಂತ ಹೇಳ್ತೀರಿ?”

“ಬೆಳಕು ಬಂತು ಅಂತ.”

“ಬಂತೇನ್ರೀ?”

ಮಗುವಿನ ಕಡೆ ನೋಡಿದರು. “ಅದನ್ನ ಮಡಿಸಿಡು. ಕೊಳೆಯಾಗುತ್ತೆ.”

ಚೆನ್ನಾಗಿ ಹೇಳಿದರು, ಅಕ್ಕ. ಸಮುದ್ರದಲ್ಲಿ ಬಿರುಗಾಳಿಯೆದ್ದ ದಿನ ಹಡಗಿನ ಕಂಬವನ್ನು ತಬ್ಬಿ ನಿಂತಿದ್ದಾಗ ಎದೆಯೊಳಗೆ ದೀಪ ಹೊತ್ತಿಕೊಂಡಂತಾಯಿತಂತೆ. ಹೆಂಗಸರು ಅತ್ತರು. ಗ್ಯಾಮನ್ ಕೂಡ ಕಣ್ಣೊರೆಸಿಕೊಂಡರು. ಆ ಬಿರುಗಾಳಿಯ ದಿನ ನಮ್ಮವರು ಹಡಗಿನ ಕೆಳಗಡೆ ಬಕೆಟ್ಟಿನೊಳಗೆ ತಲೆಯಿಟ್ಟು ಬಿದ್ದಿದ್ದರು. ಬಕೆಟ್ಟು ಹಿಡಿದಿದ್ದವಳು ನಾನು. ನಾನೂ ಎಲ್ಲರ ಜೊತೆ ಅತ್ತೆ. ಮುಂದಿನ ಸಬ್ಬತ್‌ಗೆ ಅವರನ್ನು ಸೇರಿಸಿಕೊಳ್ಳುವುದೆಂದೂ, ಅದೇ ದಿನ ಮಗುವಿಗೆ ನೀರು ಹಾಕುವುದೆಂದೂ ತೀರ್ಮಾನವಾಯಿತು.

ಆ ಸಬ್ಬತ್‌ನ ವಿಷಯ ಕೊನೆಗೆ ಬರೆಯುತ್ತೇನೆ. ಈಗ ಇಷ್ಟು ಹೇಳುತ್ತೇನೆ: ನಮ್ಮವರಿಗೆ ಊರಿನಲ್ಲಿ ತುಂಬ ಗೌರವ. ಸಭೆಗೆ ಸೇರಬೇಕೆನ್ನುವ ಹೊಸಬರು, ಹೇಗೆ ಹೇಳಬೇಕೆಂದು ಕೇಳಲು ಮನೆಗೇ ಬರುತ್ತಾರೆ. ಇವರು ಸುತ್ತಿಗೆ ಕೆಳಗಿಡುವುದಿಲ್ಲ. ಬಂದವರಿಗೆ ನಾನು ಕುಡಿಯಲು ಏನಾದರೂ ಕೊಟ್ಟು ಕಳಿಸುತ್ತೇನೆ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ನೀನೇ ಹೇಳು ಎನ್ನುತ್ತಾರೆ ನಮ್ಮವರು. ನಾನು ಹೇಳುತ್ತೇನೆ. ಅವರ “ಆಮೆನ್” ಕೇಳಿಸುವುದಿಲ್ಲ. ಏನು ಮಾಡಲಿ ಹೇಳು. ನೀನು ಹತ್ತಿರವಿದ್ದಿದ್ದರೆ ಬೈದಾದರೂ ಅವರನ್ನು ಮಾತಾಡಿಸುತ್ತಿದ್ದೆ.

ನಿನ್ನ ಮಗಳ ಹೆರಿಗೆ ಸುಖವಾಗಿ ಆಗಲಿ. ಅಮ್ಮನ ಸಮಾಧಿಯ ಹುಲ್ಲು ಕೀಳಿಸು. ದೇವರು ನಿನ್ನ ಮನೆಯ ಬಾಗಿಲಲ್ಲಿ ಯಾವಾಗಲೂ ಇರಲಿ.

ನಿನ್ನ ತಂಗಿ,
ಥಾಮಸಿನ್ ಪಿಕ್ಸ್‌ಲಿ

ಮತ್ತೆ: ಹೊದಿಕೆಯನ್ನು ನಿನ್ನ ಮಗಳ ಹೆರಿಗೆಯ ಹೊತ್ತಿಗೆ ಹಿಂದಕ್ಕೆ ಕಳಿಸು ಎಂದಿದ್ದೆ. ಕಳಿಸಲಾರೆ, ಅಕ್ಕ. ಆ ಸಬ್ಬತ್ ಬರುವ ಮುಂಚೆಯೇ, ಶುಕ್ರವಾರ, ಮಗು ಹೋಯಿತು. ಅದರಲ್ಲೇ ಸುತ್ತಿ ಮಣ್ಣಿಗಿಟ್ಟೆವು. ಇಲ್ಲಿ ಗುಂಡಿಯ ಬಳಿ ಗಂಟೆಯಿಲ್ಲ, ಪ್ರಾರ್ಥನೆಯಿಲ್ಲ. ಅದೆಲ್ಲ ರೋಮಿನ ಪೋಪನ ಪದ್ಧತಿ ಎನ್ನುತ್ತಾರೆ. ಸುಮ್ಮನೆ ನಿಂತಿದ್ದು ಬಂದೆವು. ಹೆಸರಿಲ್ಲದ ಮಗುವನ್ನು ಏನೆಂದು ಕರೆದು ಅಳಬೇಕೆಂದೂ ಡಾರ್ಕಸ್‌ಗೆ ತಿಳಿಯಲಿಲ್ಲ. ಸಬ್ಬತ್ ದಿನ ನಮ್ಮವರನ್ನು ಗೊತ್ತುಮಾಡಿದಂತೆಯೇ ಕರೆದರು. ಬರಿಗೈಯಲ್ಲಿ ಎದ್ದು ನಿಂತರು, ಸೇರಿಸಿಕೊಂಡರು. ಪ್ರಭುವಿನ ರೊಟ್ಟಿ ಹಂಚುವ ಹೊತ್ತಿಗೆ ಈಗ ಅವರು ಒಳಗಿರುತ್ತಾರೆ, ನಾನು ಸಭೆಗೆ ಸೇರದ ಉಳಿದವರ ಜೊತೆ ಹೊರಗೆ. ಬಟ್ಟೆ ಒಗೆಯುವಾಗ ಅವರ ಅಂಗಿಯ ತೋಳಿನ ಮಡಿಕೆಯಲ್ಲಿ ಆ ರೊಟ್ಟಿಯ ತುಂಡು ಸಿಗುತ್ತದೆ, ನುಂಗದೆ ತಂದದ್ದು. ಎಸೆಯಲು ಹೆದರಿಕೆ, ತಿನ್ನಲು ನನಗೆ ಹಕ್ಕಿಲ್ಲ. ಹೊದಿಕೆಯಿದ್ದ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚುತ್ತೇನೆ.